ನನ್ನ ಕೈಯಿಂದ ಹಾದುಹೋದ ನಾಯಕಿಯರು

ನಮ್ಮ ಪ್ರೆಸ್ಸಿಗೆ ಈ ವರ್ಷ ಮೂವರು ಹೊಸ ಹುಡುಗಿಯರು ಸೇರಿದ್ದಾರೆ. ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು, ಪ್ರೂಫು ನೋಡುವುದು ಅವರ ಕೆಲಸ. ನಾನು ಆ ಕುರ್ಚಿಯಿಂದ ಎದ್ದು ಬಂದು ಎರಡು ವರ್ಷವಾಯಿತು. ಈಗ ಪ್ರೆಸ್ಸು ನಡೆಸುತ್ತಿರುವ ವೀಣಾ, ನಮ್ಮ ಹಳೆಯ ಯಜಮಾನರ ಸೊಸೆ, ಮೊನ್ನೆ ಫೋನು ಮಾಡಿ, "ರತ್ನಮ್ಮೋರೆ, ಈ ಮಕ್ಕಳಿಗೆ ಕೆಲಸ ಅಂದ್ರೆ ಏನು ಅಂತ ನಾಲ್ಕು ಪುಟ ಬರ್ಕೊಡಿ" ಎಂದಳು.

ಬರೆಯುತ್ತೇನೆ. ಆದರೆ ನಾನು ಯಾವಾಗ ಹಿರಿಯ ಕಂಪೋಸಿಟರ್ ಆದೆ, ಯಾವಾಗ ನನಗೆ ಸ್ವಂತ ಮೇಜು ಕೊಟ್ಟರು ಎನ್ನುವುದು ಇದರಲ್ಲಿ ಬರುವುದಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ. ನಾನು ಬರೆಯುವುದು ಹೆಂಗಸರ ಬಗ್ಗೆ. ಗಂಡಸರು ಕಾಗದದ ಮೇಲೆ ಹುಟ್ಟಿಸಿ, ಕಾಗದದ ಮೇಲೆಯೇ ಕಣ್ಣೀರು ಹಾಕಿಸಿ, ಕಡೆಗೆ ಅಲ್ಲಿಯೇ ಸಾಯಿಸಿದ ಹೆಂಗಸರ ಬಗ್ಗೆ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಹಿಂದಿನ ನಮ್ಮ ಪ್ರೆಸ್ಸಿಗೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದಿಂದೆಲ್ಲ ಬರಹಗಾರರು ಹಸ್ತಪ್ರತಿ ಹಿಡಿದುಕೊಂಡು ಬರುತ್ತಿದ್ದರು. ಅವರ ನಾಯಕಿಯರೆಲ್ಲ ಒಂದೊಂದು ಅಕ್ಷರವಾಗಿ ನನ್ನ ಬೆರಳಿನಿಂದಲೇ ಹಾದುಹೋದರು.

ಓದಿದ್ದು ಎಸ್ಸೆಸ್ಸೆಲ್ಸಿ, ಸಾಹಿತ್ಯದ ಬಗ್ಗೆ ಮಾತಾಡಲು ಇವಳು ಯಾರು ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ. ಓದುವವರು ಬೇಸರವಾದರೆ ಪುಟ ಹಾರಿಸುತ್ತಾರೆ. ವಿಮರ್ಶೆ ಬರೆಯುವವರು ಮುನ್ನುಡಿ ನೋಡಿಯೇ ಮುಗಿಸುವುದೂ ಉಂಟು. ಅಚ್ಚಿನ ಮೊಳೆ ಜೋಡಿಸುವವಳು ಒಂದು ಒತ್ತಕ್ಷರವನ್ನೂ ಹಾರಿಸುವಂತಿಲ್ಲ. ಆ ಬರಹಗಾರರ ಪುಸ್ತಕಗಳನ್ನು ನನ್ನಷ್ಟು ನಿಧಾನವಾಗಿ ಬೇರೆ ಯಾರೂ ಓದಿಲ್ಲ.

ನಾನು ಕೊರವಂಗಲದವಳು. ಅಪ್ಪನಿಗೆ ಸ್ವಲ್ಪ ಜಮೀನಿತ್ತು, ಹೆಣ್ಣುಮಕ್ಕಳು ಇಬ್ಬರು. ಅಕ್ಕ ಸಾಕಮ್ಮನನ್ನು ಬೇಗ ಮದುವೆ ಮಾಡಿ ಕೊಟ್ಟರು. ನಾನು ಹಟ ಮಾಡಿ ಹಾಸನಕ್ಕೆ ಬಸ್ಸು ಹತ್ತಿದೆ. ಪ್ರೆಸ್ಸಿನಲ್ಲಿ ಆಗ ನಾನೊಬ್ಬಳೇ ಹೆಣ್ಣು. ಸೀಸದ ಅಕ್ಷರಗಳನ್ನು ನಾವು ಮೊಳೆ ಎನ್ನುತ್ತಿದ್ದೆವು. ಮರದ ಗೂಡುಗಳಿಂದ ಒಂದೊಂದೇ ಮೊಳೆ ಎತ್ತಿ, ಅಂಗೈಯಗಲದ ಕಬ್ಬಿಣದ ಪಟ್ಟಿಯಲ್ಲಿ ತಲೆಕೆಳಗಾಗಿ ಜೋಡಿಸಬೇಕು. ನನಗೆ ಕೆಲಸ ಕಲಿಸಿದವರು ಫೋರ್ಮನ್ ಸಿದ್ದೇಗೌಡರು. ಮೂಗಿನ ತುದಿಗೆ ಕನ್ನಡಕ, ಕಿವಿಯ ಮೇಲೆ ಪೆನ್ಸಿಲ್ಲು. ಮೊದಲ ದಿನವೇ ಅವರು ಹೇಳಿದ ಮಾತು: "ಅರ್ಥ ಓದ್ಬ್ಯಾಡ ಕಣವ್ವ, ಅಕ್ಸರ ಓದು. ಅರ್ಥದ ಹಿಂದೆ ಓದ್ರೆ ಕೈ ತಪ್ತದೆ."

ಅವರ ಮಾತಿನಲ್ಲಿ ನಾನು ಪಾಲಿಸದೇ ಹೋದದ್ದು ಅದೊಂದನ್ನೇ.

ಪಾಲಿಸಲು ಆಗುತ್ತಲೂ ಇರಲಿಲ್ಲ. ಕಾದಂಬರಿ ಜೋಡಿಸುವಾಗ ಕೆಲವು ಅಧ್ಯಾಯಗಳಲ್ಲಿ 'ಳು' ಮೊಳೆ ಇದ್ದಕ್ಕಿದ್ದಂತೆ ಖಾಲಿಯಾಗುತ್ತಿತ್ತು. ಅತ್ತಳು, ಬಿಕ್ಕಿದಳು, ಕುಸಿದಳು, ತಲೆ ತಗ್ಗಿಸಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೂಡಿನಲ್ಲಿ 'ಳು' ಮುಗಿಯಿತು ಎಂದರೆ ನಾಯಕಿಗೆ ಕಷ್ಟ ಬಂತು ಎಂದು ಲೆಕ್ಕ. ಗಂಡಸು ಕೋರ್ಟಿಗೆ ಹೋಗುವ, ಜಮೀನು ಕೊಳ್ಳುವ, ಭಾಷಣ ಮಾಡುವ ಅಧ್ಯಾಯಗಳಲ್ಲಿ ಆ ಗೂಡು ತುಂಬಿಯೇ ಇರುತ್ತಿತ್ತು.

ಅರಕಲಗೂಡಿನ ಕಡೆಯ ಮೇಷ್ಟ್ರೊಬ್ಬರು ಒಂದು ಕಾವ್ಯ ತಂದರು. ಒಳ್ಳೆಯ ಮನುಷ್ಯರು, ಬಂದಾಗಲೆಲ್ಲ ನಮಗೆಲ್ಲ ಕಡಲೆಪುರಿ ತರುತ್ತಿದ್ದರು. ಕಾವ್ಯದಲ್ಲಿ ರಾಜಕುಮಾರಿಯೊಬ್ಬಳ ವರ್ಣನೆ ಪುಟಗಟ್ಟಲೆ ಇತ್ತು. ಮುಡಿಯಿಂದ ಶುರುವಾಗಿ ಹಣೆ, ಕಣ್ಣು, ತುಟಿ, ಎದೆ, ಸೊಂಟ, ತೊಡೆ ಎಂದು ಇಳಿದು ಕಾಲುಂಗುರದಲ್ಲಿ ನಿಲ್ಲುತ್ತಿತ್ತು. ಪ್ರೂಫು ನೋಡುವಾಗ ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದದ್ದನ್ನು ನೋಡಿಕೊಳ್ಳಬೇಕು. ಆ ದಿನ ಓದುವ ಸರದಿ ನನ್ನದು. ನನಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಸುತ್ತ ಐದಾರು ಗಂಡಸರು. ಮೇಷ್ಟ್ರು ಎದುರಿಗೇ ಕೂತಿದ್ದರು.

"ರತ್ನವ್ವ, ಈ ಪುಟ ನಾನ್ ಓದ್ತೀನಿ ಕೊಡವ್ವ" ಎಂದು ಸಿದ್ದೇಗೌಡರು ಕೈ ಚಾಚಿದರು. ನಾನು ಕೊಡಲಿಲ್ಲ. ನಾಚಿಕೆ ಬರೆದವರಿಗಿಲ್ಲದಿದ್ದರೆ ಓದುವ ನನಗೇಕೆ ಎನ್ನಿಸಿತು. ಒಂದೊಂದು ಪದವನ್ನೂ ಬಿಡಿಸಿ, ನಿಧಾನವಾಗಿ, ಇಡೀ ಪ್ರೆಸ್ಸಿಗೆ ಕೇಳಿಸುವಂತೆ ಓದಿದೆ. ಎದೆಯ ವರ್ಣನೆಗೆ ಬರುವಷ್ಟರಲ್ಲಿ ಅಚ್ಚು ಹಾಕುವ ಟ್ರೆಡಲ್ ಯಂತ್ರ ನಿಂತಿತ್ತು. ಮೇಷ್ಟ್ರು ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು.

"ಸ್ವಲ್ಪ ಬೇಗ ಬೇಗ ಓದಮ್ಮ" ಎಂದರು.

"ಬೇಗ ಓದಿದ್ರೆ ತಪ್ಪು ಉಳೀತದೆ ಸಾ."

ಮುಗಿದ ಮೇಲೆ ಕೇಳಿಯೇಬಿಟ್ಟೆ: "ಸಾ, ಕಣ್ಣಿನ ಬಗ್ಗೆ ಹದಿನಾಲ್ಕು ಸಾಲು ಬರ್ದಿದ್ದೀರ. ಆ ಕಣ್ಣು ಏನು ನೋಡ್ತು ಅಂತ ಒಂದು ಸಾಲೂ ಇಲ್ವಲ್ಲ?"

ಮೇಷ್ಟ್ರು ನಕ್ಕರು. "ಅದು ಕಾವ್ಯ ಪದ್ಧತಿ ಕಣಮ್ಮ. ಹಿಂದಿನಿಂದ ಬಂದದ್ದು. ನಿನಗೆ ಅರ್ಥ ಆಗಲ್ಲ."

"ನಮ್ಮೂರ ಗುಡಿ ಗೋಡೆ ಮ್ಯಾಲಿನ ಕಲ್ಲಿನ ಹೆಂಗಸ್ರೂ ಹಿಂದಿನೋರೆ ಸಾ. ಅವರಾದ್ರೂ ಕುಣೀತಾರೆ, ಮದ್ದಳೆ ಬಡೀತಾರೆ. ನಿಮ್ಮ ರಾಜಕುಮಾರಿ ನಿಂತಿರೋದು ಬಿಟ್ರೆ ಏನೂ ಮಾಡಲ್ಲ."

ಪುಸ್ತಕ ಇದ್ದ ಹಾಗೆಯೇ ಅಚ್ಚಾಯಿತು. ನನ್ನ ಮಾತಿನಿಂದ ಒಂದು ಅಕ್ಷರವೂ ಬದಲಾಗಲಿಲ್ಲ. ಆದರೆ ಮೇಷ್ಟ್ರು ಮುಂದೆಂದೂ ಪ್ರೂಫು ಓದುವಾಗ ಎದುರಿಗೆ ಕೂರಲಿಲ್ಲ.

ಈಗ ನನ್ನ ದೊಡ್ಡ ತಪ್ಪಿನ ಕಥೆ. ಇದನ್ನು ಹಲವರು ಹಲವು ರೀತಿ ಹೇಳಿದ್ದಾರೆ. ನಡೆದದ್ದು ಇದು.

ಚನ್ನರಾಯಪಟ್ಟಣದಲ್ಲಿ ವಕೀಲರೊಬ್ಬರಿದ್ದರು. ಅವರ ಕಾದಂಬರಿಗಳಿಗೆ ಒಳ್ಳೆಯ ಓದುಗರಿದ್ದರು. ಎಲ್ಲದರಲ್ಲೂ ಒಬ್ಬಳು ಸಾಧ್ವಿ ಹೆಂಡತಿ; ಗಂಡ ಕುಡಿಯುತ್ತಾನೆ, ಹೊಡೆಯುತ್ತಾನೆ, ಇನ್ನೊಬ್ಬಳ ಮನೆಗೆ ಹೋಗುತ್ತಾನೆ; ಇವಳು ಸಹಿಸುತ್ತಾಳೆ; ಕಡೆಯ ಅಧ್ಯಾಯದಲ್ಲಿ ಇವಳು ಸಾಯುವಾಗ ಅವನಿಗೆ ಬುದ್ಧಿ ಬರುತ್ತದೆ. ಅವರ ಹೊಸ ಕಾದಂಬರಿಯನ್ನು ನಾನೇ ಜೋಡಿಸುತ್ತಿದ್ದೆ. ಅದರ ನಡುವೆ ಈ ಸಾಲುಗಳಿದ್ದವು: 'ಅವನು ಕೈ ಎತ್ತಿದ. ಅವಳು ತಾಳಿದಳು. ದೇವರ ಮನೆಯ ದೀಪ ಅಲುಗಲಿಲ್ಲ.'

ಅದೇ ವಾರ ಅಕ್ಕ ಊರಿಗೆ ವಾಪಸು ಬಂದಿದ್ದಳು. ಕೆನ್ನೆ ಊದಿಕೊಂಡಿತ್ತು. ಹೊಡೆಸಿಕೊಂಡಳೆಂದು ಯಾರೂ ಅವಳನ್ನು ಕಳಿಸಿರಲಿಲ್ಲ. ಹೊಡೆಸಿಕೊಳ್ಳುವುದು ಎಷ್ಟೋ ವರ್ಷದಿಂದ ನಡೆದಿತ್ತು. ಈ ಸಲ ಅವಳು ಗಂಡನನ್ನು ಹಿಂದಕ್ಕೆ ತಳ್ಳಿದ್ದಳು. ಅವನು ಜಗುಲಿಯಿಂದ ಬೀದಿಗೆ ಬಿದ್ದಿದ್ದ. ಬೀದಿಯವರು ನೋಡಿದ್ದರು. ಅದಕ್ಕೆ ಅತ್ತೆಮನೆಯವರು ಅವಳ ಬಟ್ಟೆಗಂಟು ಹೊರಗಿಟ್ಟರು. ನಮ್ಮ ಮನೆಯಲ್ಲೂ ದೊಡ್ಡಪ್ಪ, ಮಾವಂದಿರು ಸೇರಿ, "ಎಣ್ಣಾದೋಳು ತಾಳ್ಕಬೇಕು ಕಣವ್ವ. ಓಗಿ ಕಾಲಿಗೆ ಬೀಳು" ಎನ್ನುತ್ತಿದ್ದರು. ಬೆಳಿಗ್ಗೆ ಆ ಮಾತು ಕೇಳಿ ಬಸ್ಸು ಹತ್ತಿ ಬಂದು ಕೂತರೆ ಇಲ್ಲಿ ಕಾಗದದ ಮೇಲೂ ಅದೇ ಮಾತು.

ಪುಸ್ತಕ ಅಚ್ಚಾಗಿ, ಕಟ್ಟಾಗಿ, ಚನ್ನರಾಯಪಟ್ಟಣಕ್ಕೆ ಮೊದಲ ಕಂತು ಹೋಯಿತು. ಮೂರನೆಯ ದಿನ ವಕೀಲರು ಕಾರಿನಲ್ಲಿ ಬಂದಿಳಿದರು. ಕೋರ್ಟಿನಲ್ಲಿ ಜೊತೆಯವರು ಅವರನ್ನು ಆಡಿಕೊಂಡು ನಕ್ಕಿದ್ದರಂತೆ. ಅಚ್ಚಾದದ್ದು ಹೀಗಿತ್ತು: 'ಅವನು ಕೈ ಎತ್ತಿದ. ಅವಳು ತಳ್ಳಿದಳು.'

ಯಜಮಾನರು ನನ್ನನ್ನು ಕರೆದರು. ನಾನು ಪುಟ ನೋಡಿದೆ. ನನ್ನದೇ ಕೆಲಸ. "ತಪ್ಪು ನಂದೆ ಸಾ, ಕ್ಷಮಿಸಿ" ಎಂದೆ. ನಿಜವಾಗಿಯೇ ಹೇಳಿದೆ. ಬರೆದವರ ಅಕ್ಷರ ತಪ್ಪಿಸುವುದು ನಮ್ಮ ಕಸುಬಿನಲ್ಲಿ ದೊಡ್ಡ ಅಪರಾಧ. ಪ್ರೂಫಿನ ಮೇಲೆ 'ಮುದ್ರಿಸಬಹುದು' ಎಂದು ವಕೀಲರ ಸಹಿಯೇ ಇತ್ತು, ಸಿದ್ದೇಗೌಡರೂ ನೋಡಿದ್ದರು. ಅದನ್ನು ಯಾರೂ ಎತ್ತಲಿಲ್ಲ.

ವಕೀಲರು ಹೋದ ಮೇಲೆ ಸಿದ್ದೇಗೌಡರು ಮೆಲ್ಲಗೆ ಕೇಳಿದರು: "ಒಂದು ಮೊಳೆ ತಪ್ಪಿದ್ರೆ ಕೈ ತಪ್ಪು ಅನ್ಬೋದು. ದೀರ್ಘ ಓಗಿ, ಒತ್ತು ಬಂದು, ಎರಡೂ ಒಂದೇ ಪದದಲ್ಲಿ ತಪ್ಪಿದ್ರೆ ಏನಂತಾರವ್ವ?"

"ಗೊತ್ತಿಲ್ಲ ಗೌಡ್ರೆ" ಎಂದೆ. ಇವತ್ತಿಗೂ ನನಗೆ ಗೊತ್ತಿಲ್ಲ. ಬೇಕೆಂದೇ ಮಾಡಿದೆ ಎಂದು ಜಂಭ ಕೊಚ್ಚಿಕೊಳ್ಳುವುದಿಲ್ಲ, ಕೈ ತಪ್ಪಿತು ಎಂದು ಆಣೆಯನ್ನೂ ಇಡುವುದಿಲ್ಲ.

ಮೊದಲ ಕಂತನ್ನೂ ವಾಪಸು ತರಿಸಿ ಎಲ್ಲ ಪ್ರತಿಗಳಿಗೂ ತಿದ್ದುಪಡಿ ಚೀಟಿ ಅಂಟಿಸಬೇಕೆಂದು ತೀರ್ಮಾನವಾಯಿತು. ಎರಡು ಕಾಲಂ. ಒಂದರ ಮೇಲೆ 'ತಪ್ಪು', ಇನ್ನೊಂದರ ಮೇಲೆ 'ಸರಿ'. ಅದನ್ನೂ ನಾನೇ ಜೋಡಿಸಬೇಕೆಂದು ಯಜಮಾನರ ಅಪ್ಪಣೆ. ಪಟ್ಟಿ ಹಿಡಿದು ನಿಂತೆ. 'ತಪ್ಪು' ಜೋಡಿಸಿದೆ, ಅದರ ಕೆಳಗೆ 'ತಳ್ಳಿದಳು'. ಆಮೇಲೆ 'ಸರಿ' ಜೋಡಿಸಿದೆ. ಅದರ ಕೆಳಗೆ 'ತಾಳಿದಳು' ಎಂದು ಇಡಲು ಕೈ ಹೋಗಲಿಲ್ಲ.

ಯಜಮಾನರ ಮುಂದೆ ಹೋಗಿ ಹೇಳಿದೆ. "ಸಾ, ಅಚ್ಚಿನ ತಪ್ಪು ಒಪ್ಕೊಂಡೀನಿ. ಆದ್ರೆ ತಳ್ಳಿದ್ದು ತಪ್ಪು, ತಾಳಿದ್ದು ಸರಿ ಅಂತ ನನ್ನ ಕೈಯಾರೆ ಜೋಡ್ಸಲ್ಲ. ಬೇರೆ ಥರ ಬರ್ಸಿ."

ಅವರು ಕೆಟ್ಟವರಲ್ಲ. ಆದರೆ ಆ ದಿನ ಅವರಿಗೆ ತಲೆ ಕೆಟ್ಟಿತ್ತು. "ಪ್ರೆಸ್ಸಲ್ಲಿ ಕೆಲಸ ಮಾಡೋರಿಗೆ ಅಭಿಪ್ರಾಯ ಇರಬಾರದಮ್ಮ. ಜೋಡಿಸ್ತೀಯೋ, ಮನೆಗೆ ಹೋಗ್ತೀಯೋ?"

ಮನೆಗೆ ಹೋದೆ. ಮನೆಯಲ್ಲಿ ಈಗ ಗಂಡನನ್ನು ತಳ್ಳಿ ಬಂದವಳೊಬ್ಬಳು, ಕೆಲಸ ಬಿಟ್ಟು ಬಂದವಳೊಬ್ಬಳು. ಅವ್ವ ಇಬ್ಬರಿಗೂ ಮುದ್ದೆ ಹಾಕಿ, "ಉಣ್ಣಿ ಮೊದ್ಲು" ಎಂದಳು.

ಒಂದು ವಾರವಾದ ಮೇಲೆ ಸಿದ್ದೇಗೌಡರು ಕೊರವಂಗಲಕ್ಕೆ ಬಂದರು. ಜಗುಲಿಯ ಮೇಲೆ ಕೂತು ನೀರು ಕುಡಿದು, ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟರು. ಕಾಲಂಗಳಿರಲಿಲ್ಲ. ಒಂದೇ ವಾಕ್ಯವಿತ್ತು: 'ಈ ಪುಟದಲ್ಲಿ ತಳ್ಳಿದಳು ಎಂದಿರುವುದನ್ನು ಲೇಖಕರ ಇಚ್ಛೆಯಂತೆ ತಾಳಿದಳು ಎಂದು ಓದಿಕೊಳ್ಳಬೇಕು.'

"ನೀವೇ ಬರೆದ್ರಾ ಗೌಡ್ರೆ?"

"ವಕೀಲ್ರು ಒಪ್ಪವ್ರೆ. ತಪ್ಪು ಸರಿ ಎಲ್ಲೂ ಇಲ್ಲ. ಇಷ್ಟ ಅವರ್ದು, ಅಷ್ಟೇಯ. ಈಗ ಬತ್ತೀಯೋ ಇಲ್ವೋ? ಮದ್ವೆ ಕಾಗದ ಗುಡ್ಡೆ ಬಿದ್ದವೆ ಕಣವ್ವ."

ಅರ್ಥ ಓದಬೇಡ ಎಂದ ಮನುಷ್ಯ ಇವರೇ. ನಾನು ಎದ್ದು ಚಪ್ಪಲಿ ಮೆಟ್ಟಿದೆ. ಗೌಡರು ಅಕ್ಕನ ಕಡೆ ನೋಡಿ, "ನೀನೂ ಬಾರವ್ವ. ಚೀಟಿ ಅಂಟ್ಸಕ್ಕೆ ಜನ ಬೇಕು" ಎಂದರು. ಅಕ್ಕ ಅಂಟಿಸಲು ಬಂದವಳು ಪುಸ್ತಕ ಕಟ್ಟುವ ವಿಭಾಗದಲ್ಲೇ ಉಳಿದು, ಅಲ್ಲಿಯೇ ನಿವೃತ್ತಳಾದಳು. ಗಂಡನ ಮನೆಗೆ ಅವಳು ಮತ್ತೆ ಹೋಗಲಿಲ್ಲ.

ಅವಳಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ಚೀಟಿಯಲ್ಲಿ ಏನಿದೆ ಓದು ಎಂದಳು. ಓದಿದೆ.

"ಲೇಖಕರ ಇಚ್ಛೆ ಅಂದ್ರೆ?"

"ಬರೆದೋರಿಗೆ ಅಂಗೇ ಬೇಕಂತೆ."

ಅಕ್ಕ ಗೋಂದಿನಲ್ಲಿ ಬೆರಳದ್ದಿಕೊಂಡು ಕೇಳಿದಳು: "ಅವಳ್ಗೇನು ಬೇಕಿತ್ತಂತೆ?"

ಸಾಹಿತ್ಯದ ಬಗ್ಗೆ ನಾನು ಆಮೇಲೆ ಎಷ್ಟೋ ಭಾಷಣಗಳನ್ನು ಜೋಡಿಸಿದ್ದೇನೆ. ಇದಕ್ಕಿಂತ ನೇರವಾದ ಪ್ರಶ್ನೆ ಯಾವುದರಲ್ಲೂ ಇರಲಿಲ್ಲ.

ಇದಾಗಿ ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದರು. ಐವತ್ತರ ಆಸುಪಾಸು, ಕೈಯಲ್ಲಿ ತರಕಾರಿ ಚೀಲ. ಒಳಗೆ ಬರಲು ಹಿಂಜರಿಯುತ್ತಿದ್ದರು. ನಾನು ಹೋಗಿ ವಿಚಾರಿಸಿದೆ. ಆ ಕಾದಂಬರಿಯ ಹೆಸರು ಹೇಳಿ, "ಚೀಟಿ ಅಂಟಿಸದೇ ಇರೋ ಪ್ರತಿ ಒಂದು ಸಿಗುತ್ತಾ?" ಎಂದರು.

"ಚೀಟಿ ಇರೋದು ಎಲ್ಲ ಅಂಗಡೀಲೂ ಸಿಗ್ತದಲ್ಲಮ್ಮ. ಯಾವೂರು ನಿಮ್ದು?"

"ಚನ್ನರಾಯಪಟ್ಟಣ." ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, "ಚೀಟಿ ಇರೋದು ಮನೇಲಿ ಬೇಕಾದಷ್ಟಿದೆ. ಬರೆದೋರು ನಮ್ಮ ಯಜಮಾನ್ರೇ" ಎಂದರು.

ಹಿಂದೆ ನಿಂತಿದ್ದ ಅಕ್ಕ ಒಳಗೆ ಹೋಗಿ, ಚೀಟಿ ಅಂಟಿಸದೆ ತನಗೆಂದು ಎತ್ತಿಟ್ಟುಕೊಂಡಿದ್ದ ಒಂದು ಪ್ರತಿ ತಂದುಕೊಟ್ಟಳು. ಆಕೆ ಪುಟ ತೆರೆದು, ಆ ಸಾಲು ನೋಡಿ, ಪುಸ್ತಕವನ್ನು ಚೀಲದ ತಳಕ್ಕೆ ಸೇರಿಸಿ ಮೇಲೆ ಹುರುಳಿಕಾಯಿ ಹರಡಿದರು. ಹೋಗುವ ಮುಂಚೆ ಅಕ್ಕನ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡರು. ಮತ್ತೆ ಅವರನ್ನು ನಾವು ನೋಡಲಿಲ್ಲ. ಆಕೆಯ ಮನೆಯಲ್ಲಿ ಏನಿತ್ತೋ ನಾನು ಊಹೆ ಮಾಡುವುದಿಲ್ಲ. ಊಹೆ ಮಾಡಿ ಹೆಂಗಸರ ಕಥೆ ಬರೆದವರ ಸಾಲು ಸಾಲು ಪುಸ್ತಕ ನಾನು ಜೋಡಿಸಿದ್ದೇನೆ.

ಆಮೇಲೆ ಕಂಪ್ಯೂಟರು ಬಂತು. ಮೊಳೆಗಳನ್ನು ಮೂಟೆ ಕಟ್ಟಿ ಕರಗಿಸಲು ಕಳಿಸಿದರು. ಸಿದ್ದೇಗೌಡರು ಆ ದಿನ ಕೆಲಸಕ್ಕೆ ಬರಲಿಲ್ಲ, ಆಮೇಲೂ ಬರಲಿಲ್ಲ. ನಾನು ನಲವತ್ತು ದಾಟಿದ ಮೇಲೆ ಕೀಲಿಮಣೆ ಕಲಿತೆ. ಒಂದು ಪದ ಇಡೀ ಪುಸ್ತಕದಲ್ಲಿ ಎಲ್ಲೆಲ್ಲಿದೆ ಎಂದು ಕ್ಷಣದಲ್ಲಿ ಹುಡುಕಬಹುದು, ಎಲ್ಲವನ್ನೂ ಒಂದೇ ಏಟಿಗೆ ಬದಲಾಯಿಸಬಹುದು ಎಂದು ಗೊತ್ತಾದಾಗ ನನಗೆ ಸೊಕ್ಕು ಬಂತು. ಒಂದು ಕವನ ಸಂಕಲನದಲ್ಲಿ 'ಅಬಲೆ' ಎಂದು ಮತ್ತೆ ಮತ್ತೆ ಬರುತ್ತಿತ್ತು. ಯಾರನ್ನೂ ಕೇಳದೆ ಎಲ್ಲ ಕಡೆ 'ಸಬಲೆ' ಮಾಡಿಬಿಟ್ಟೆ. ಬರೆದವರ ಹೆಸರಿನ ಕಡೆ ಗಮನವೇ ಕೊಟ್ಟಿರಲಿಲ್ಲ. ಬರೆದವಳು ಕಾಲೇಜಿನ ಹುಡುಗಿ. ಪ್ರೂಫು ಹಿಡಿದುಕೊಂಡು ಬಂದವಳ ಕಣ್ಣಲ್ಲಿ ನೀರು.

"ಮೇಡಂ, ನಾನು ವ್ಯಂಗ್ಯಕ್ಕೆ ಬರೆದಿದ್ದು. ನೀವು ಅದನ್ನ ಭಾಷಣ ಮಾಡಿಬಿಟ್ರಲ್ಲ!"

ಅವಳು ಹೇಳಿದ್ದು ಸರಿ. ಒಬ್ಬ ಹೆಣ್ಣು ತನ್ನ ಬಗ್ಗೆ ತಾನೇ ಬರೆದುಕೊಂಡದ್ದನ್ನು ನಾನು ತಿದ್ದಿದ್ದೆ. ಅಷ್ಟು ವರ್ಷ ಗಂಡಸರ ಮೇಲೆ ಹೊರಿಸುತ್ತಿದ್ದ ತಪ್ಪನ್ನು ನಾನೇ ಮಾಡಿ ಕೂತಿದ್ದೆ. ಹುಡುಗಿಯರೇ, ಇದೊಂದು ನೆನಪಿಟ್ಟುಕೊಳ್ಳಿ. ಜಗಳ ಆಡುವುದಾದರೆ ಬರೆದವರ ಎದುರಿಗೆ ಆಡಿ. ಬೆನ್ನ ಹಿಂದೆ ಅಕ್ಷರ ಬದಲಾಯಿಸಬೇಡಿ.

ಹೊಳೆನರಸೀಪುರದ ಪ್ರೊಫೆಸರೊಬ್ಬರ ಜೊತೆ ಹಾಗೆಯೇ ಎದುರೆದುರು ಜಗಳವಾಡಿದೆ. ಅವರು ಮಹಿಳಾಪರ ಎಂದು ಹೆಸರಾದವರು. ನನ್ನನ್ನು 'ರತ್ನಮ್ಮನವರೇ' ಎಂದೇ ಕರೆಯುವರು. ಅವರ ನಾಯಕಿ ಅಳುವವಳಲ್ಲ, ಸಾಯುವವಳಲ್ಲ. ಒಬ್ಬಳೇ ಮನೆ ಮಾಡಿಕೊಂಡು, ಕೂದಲು ಬಿಟ್ಟುಕೊಂಡು, ಬೇಕಾದವನ ಜೊತೆ ಬೇಕಾದಲ್ಲಿಗೆ ಹೋಗುವವಳು. "ಹೇಗಿದ್ದಾಳೆ ನಮ್ಮ ಹುಡುಗಿ? ಹೊಸ ಹೆಣ್ಣು ಅಲ್ಲವೇ?" ಎಂದು ಉತ್ಸಾಹದಿಂದ ಕೇಳಿದರು.

ನಾನು ಪರದೆ ಅವರ ಕಡೆ ತಿರುಗಿಸಿ 'ಕೇಳಿದಳು' ಎಂಬ ಪದ ಹುಡುಕಿ ತೋರಿಸಿದೆ. "ನೋಡಿ ಸಾರ್. ಇಡೀ ಪುಸ್ತಕದಲ್ಲಿ ಇವಳು ಕೇಳಿರೋ ಪ್ರಶ್ನೆ ಎರಡೇ. ಒಂದು, 'ಕಾಫಿ ಬೇಕಾ?' ಇನ್ನೊಂದು, 'ಮತ್ತೆ ಯಾವಾಗ ಬರ್ತೀರಿ?' ಹಳೇ ನಾಯಕೀರು ಗಂಡನಿಗೋಸ್ಕರ ಬದುಕಿದ್ರು. ಇವಳು ನಿಮ್ಮ ನಾಯಕನಿಗೋಸ್ಕರ ಬದುಕ್ತಾಳೆ. ಸೀರೆ ಬದಲಾಯ್ತು, ಅಷ್ಟೇ."

ಅವರು ನಗುತ್ತಲೇ ಬಂದವರು ಗಂಭೀರವಾದರು. "ಇದು ಸ್ವಲ್ಪ ಅನ್ಯಾಯದ ಮಾತು" ಎಂದರು. ಇನ್ನೂ ಹತ್ತು ನಿಮಿಷ ವಾದ ಮಾಡಿ, ಫೈಲು ತೆಗೆದುಕೊಂಡು ಹೊರಟುಹೋದರು. ವೀಣಾ ಆಗ ತಾನೇ ಪ್ರೆಸ್ಸಿನ ಕೆಲಸ ನೋಡಿಕೊಳ್ಳಲು ಶುರು ಮಾಡಿದ್ದಳು. "ಗಿರಾಕೀನ ಓಡಿಸಿಬಿಟ್ರಲ್ಲ ರತ್ನಮ್ಮೋರೆ" ಎಂದು ತಲೆ ಚಚ್ಚಿಕೊಂಡಳು.

ಮರುವರ್ಷ ಅವರೇ ಬಂದರು. ಕಾದಂಬರಿ ಅರ್ಧಕ್ಕರ್ಧ ಹೊಸದಾಗಿತ್ತು. ನಾಯಕಿಗೆ ಒಬ್ಬ ತಂಗಿ ಬಂದಿದ್ದಳು, ಕೆಲಸದ ಜಾಗ ಬಂದಿತ್ತು, ಸೊಂಟ ನೋವು ಕೂಡ ಬಂದಿತ್ತು. ನಾಯಕನಿಗೆ ಅವಳು ಒಂದು ಇಡೀ ಪುಟ ಪ್ರಶ್ನೆ ಕೇಳುತ್ತಿದ್ದಳು, ಅವನು ಉತ್ತರ ತೋಚದೆ ಕೂರುತ್ತಿದ್ದ. "ನಮ್ಮ ಮನೆಯವರನ್ನ ಕೂರಿಸಿಕೊಂಡು ಓದಿ ಹೇಳಿದೆ. ನಿಮಗಿಂತ ಜೋರಾಗಿ ಬೈದರು" ಎಂದು ನಕ್ಕರು. ದೊಡ್ಡ ಕಾದಂಬರಿ ಎಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಪುಟ ಕಟ್ಟುವಾಗ ಮುಂದೇನಾಗುತ್ತದೋ ಎಂದು ನನಗೆ ಕುತೂಹಲವಿತ್ತು. ಗಂಡಸರು ಬರೆಯಬಾರದು ಎಂದು ನಾನು ಯಾವತ್ತೂ ಹೇಳಿಲ್ಲ. ಕೇಳಿಕೊಂಡು ಬರೆಯಿರಿ ಎನ್ನುತ್ತೇನೆ.

ನಿವೃತ್ತಿಯ ವರ್ಷ ಹಾಸನದ ಒಂದು ಸಾಹಿತ್ಯ ಬಳಗದವರು ನನಗೆ ಸನ್ಮಾನ ಮಾಡುತ್ತೇವೆ ಎಂದರು. ಸನ್ಮಾನ ಪತ್ರಗಳು ಅಚ್ಚಾಗುವುದು ನಮ್ಮಲ್ಲೇ. ನನ್ನ ಪತ್ರವೂ ನನ್ನ ಮೇಜಿಗೇ ಬಂತು. ಬರೆದವರು ಬಳಗದ ಕಾರ್ಯದರ್ಶಿ, ನಿವೃತ್ತ ಹೆಡ್ಮಾಸ್ಟರು. ಓದಿದೆ. 'ಮಿತಭಾಷಿಣಿ, ಕೋಮಲ ಹೃದಯಿ, ಮೌನ ಸಾಧಕಿ, ಎಲ್ಲರಿಗೂ ತಾಯಿಯಾಗಿ ಪ್ರೆಸ್ಸೆಂಬ ಸಂಸಾರವನ್ನು ಸಲಹಿದ ಗೃಹಲಕ್ಷ್ಮಿ.'

ನಾನು ತಿದ್ದಲಿಲ್ಲ. ಫೋನು ಮಾಡಿದೆ.

"ಸಾರ್, ಈ ಹೆಂಗಸು ಯಾರು?"

"ನೀವೇ ಅಲ್ವೇನಮ್ಮ!"

"ನಾನು ಮಿತಭಾಷಿಣಿ ಅಂತ ನಿಮ್ಗೆ ಯಾರು ಹೇಳಿದ್ರು?"

"ಅಯ್ಯೋ, ಸನ್ಮಾನ ಪತ್ರ ಅಂದ್ಮೇಲೆ ಹಾಗೇ ಇರೋದು. ಹೆಣ್ಣುಮಕ್ಕಳಿಗೆ ಬರೆಯೋವಾಗ ಒಂದು ಕ್ರಮ ಇರುತ್ತೆ."

"ಹಂಗಾದ್ರೆ ಆಯಮ್ಮನ್ನೇ ಕರ್ದು ಶಾಲು ಹೊದ್ಸಿ ಸಾರ್. ನಾನು ಬರಲ್ಲ."

ಕಡೆಗೆ, "ಸರಿ, ಏನು ಬರೀಬೇಕು ಹೇಳಿ" ಎಂದರು. ಹೇಳಿದೆ. ಅವರು ಬರೆದುಕೊಂಡರು. ನಡುನಡುವೆ, "ಇದೂ ಹಾಕಬೇಕಾ?" ಎಂದು ಕೇಳಿದರು. ಎಲ್ಲದಕ್ಕೂ ಹಾಕಿ ಎಂದೆ.

ಸಭೆಯ ದಿನ ಸಭಾಂಗಣ ಅರ್ಧ ತುಂಬಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಕಾರ್ಯದರ್ಶಿಗಳು ಎದ್ದು, ಕನ್ನಡಕ ಏರಿಸಿಕೊಂಡು ಪತ್ರ ಓದತೊಡಗಿದರು. ಕೊರವಂಗಲದಿಂದ ಬಂದು ಕೆಲಸಕ್ಕೆ ಸೇರಿದ್ದು, ಮೊಳೆಯಿಂದ ಕಂಪ್ಯೂಟರಿನವರೆಗೆ ದುಡಿದದ್ದು, ಸಾವಿರಾರು ಪುಟ ತಿದ್ದಿದ್ದು. ದನಿ ಚೆನ್ನಾಗಿತ್ತು. ನಾನು ರೂಢಿಯಂತೆ ಕೈಯಲ್ಲಿದ್ದ ಪ್ರತಿಯ ಮೇಲೆ ಬೆರಳಿಟ್ಟು ಅವರ ಜೊತೆಗೇ ಓದಿಕೊಳ್ಳುತ್ತಿದ್ದೆ. ಕಡೆಯ ಭಾಗಕ್ಕೆ ಬಂದಾಗ ಅವರು ಸ್ವಲ್ಪ ಕೆಮ್ಮಿ, ನೇರವಾಗಿ 'ಇಂತಹವರಿಗೆ ಶುಭವಾಗಲಿ'ಗೆ ಹೋದರು. ಜನ ಚಪ್ಪಾಳೆಗೆ ಕೈ ಎತ್ತಿದ್ದರು.

ನಾನು ಕುರ್ಚಿಯಿಂದ ಎದ್ದು ಮೈಕಿನ ಹತ್ತಿರ ಹೋದೆ.

"ಸಾರ್, ಒಂದು ಸಾಲು ಬಿಟ್ಟೋಯ್ತು."

ಅವರು ನನ್ನ ಮುಖ ನೋಡಿದರು, ಪತ್ರ ನೋಡಿದರು. ಕನ್ನಡಕ ಮತ್ತೆ ಏರಿಸಿಕೊಂಡು, ಹಿಂದಕ್ಕೆ ಹೋಗಿ, ಬಿಟ್ಟ ಸಾಲನ್ನು ಓದಿದರು: "ಇವರಿಗೆ ಸಿಟ್ಟು ಬೇಗ ಬರುತ್ತದೆ, ಸುಮ್ಮಸುಮ್ಮನೆ ಬಂದದ್ದಿಲ್ಲ."